ಎಂಜಿನ್ ಪಕ್ಕಕ್ಕಿಡಿ, ಮೊದಲು ತಕ್ಕಡಿ ತನ್ನಿ

ಪ್ರಶ್ನೆ: ನಮ್ಮದು ಆಲೂರು ಕಡೆ, ಹೇಮಾವತಿ ಹಿನ್ನೀರಿಗೆ ಹತ್ತಿರದ ಕಾಫಿ ತೋಟ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆಸರು, ಹುಲ್ಲು, ನೀರು ಮೂರರ ಮೇಲೂ ಓಡುವ ಸಣ್ಣ ಹೋವರ್‌ಕ್ರಾಫ್ಟ್ ಒಂದನ್ನು ಕೈಯಾರೆ ಮಾಡಬೇಕೆಂಬ ಆಸೆ. ಮನೆಯಲ್ಲಿ ಹಳೆಯ ಮಾರುತಿ 800 ಕಾರಿನ ಎಂಜಿನ್ ಇದೆ, ಚೆನ್ನಾಗಿಯೇ ಓಡುತ್ತದೆ. ನನಗೆ ವೆಲ್ಡಿಂಗ್ ಗೊತ್ತು. ಎಲ್ಲಿಂದ ಆರಂಭಿಸಲಿ? ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ ಕೂರಿಸಿಕೊಂಡು ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಪಾಳು ಚರ್ಚ್‌ವರೆಗೆ ಹೋಗಿಬರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯ ನನಗೆ ಆತಂಕ ತಂದವು, ಒಂದು ವಿಷಯ ಬಹಳ ಖುಷಿ ಕೊಟ್ಟಿತು. ಆತಂಕ ತಂದದ್ದು ಕಾರಿನ ಎಂಜಿನ್ ಮತ್ತು ವೆಲ್ಡಿಂಗ್. ಖುಷಿ ಕೊಟ್ಟದ್ದು ಕಾಫಿ ತೋಟ. ಏಕೆಂದರೆ ತೋಟವಿದ್ದಲ್ಲಿ ಸಿಮೆಂಟಿನ ಕಣ ಇರುತ್ತದೆ. ಹೋವರ್‌ಕ್ರಾಫ್ಟನ್ನು ಮೊದಲ ಸಲ ನೆಲದಿಂದ ಎಬ್ಬಿಸಿ ನೋಡಲು ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಫ್ಯಾನಿನಿಂದ ಅಡಿಗೆ ಗಾಳಿ ಊದಿಕೊಂಡು, ಆ ಗಾಳಿಯ ಹಾಸಿನ ಮೇಲೆ ಸಾಗುವ ಈ ವಾಹನ ಹುಟ್ಟಿದ್ದೇ ತಕ್ಕಡಿಯ ಮೇಲೆ. 1955ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕೆರೆಲ್ ಕಾಫಿ ಡಬ್ಬಿಯೊಳಗೆ ಬೆಕ್ಕಿನ ಆಹಾರದ ಸಣ್ಣ ಡಬ್ಬಿಯೊಂದನ್ನು ಕೂರಿಸಿ, ಎರಡರ ನಡುವಿನ ಸಂದಿಯಿಂದ ಗಾಳಿ ಊದಿ, ಅದು ಎಷ್ಟು ಭಾರ ಒತ್ತುತ್ತದೆ ಎಂಬುದನ್ನು ಅಡುಗೆಮನೆಯ ತಕ್ಕಡಿಯಿಂದ ಅಳೆದರು. ನಾಲ್ಕು ವರ್ಷದ ನಂತರ, 1959ರ ಜುಲೈ 25ರಂದು, ಎಸ್‌ಆರ್‌.ಎನ್‌1 ಎಂಬ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. ಹವ್ಯಾಸಕ್ಕಾಗಿ ಇವುಗಳನ್ನು ಕಟ್ಟುವವರ ಸಂಘ ಬ್ರಿಟನ್ನಿನಲ್ಲಿ 1966ರಿಂದಲೇ ಇದೆ. ನಮ್ಮಲ್ಲಿ ಕರಾವಳಿ ಕಾವಲು ಪಡೆಯ ದೊಡ್ಡ ಹೋವರ್‌ಕ್ರಾಫ್ಟ್‌ಗಳನ್ನು ನೀವು ಚಿತ್ರದಲ್ಲಾದರೂ ನೋಡಿರಬಹುದು. ದೊಡ್ಡದಾಗಲಿ ಸಣ್ಣದಾಗಲಿ, ಲೆಕ್ಕ ಒಂದೇ: ಒಟ್ಟು ತೂಕವನ್ನು ಕೆಳಗಿನ ಗಾಳಿಹಾಸಿನ ವಿಸ್ತೀರ್ಣದಿಂದ ಭಾಗಿಸಿ. ಬಂದ ಉತ್ತರದಷ್ಟು ಒತ್ತಡವನ್ನು ಫ್ಯಾನ್ ಕೊಡಬೇಕು, ಅಷ್ಟೇ.

ಒಬ್ಬರು ಕೂರುವ, ಮೂರು ಮೀಟರ್ ಉದ್ದ, 1.8 ಮೀಟರ್ ಅಗಲದ ವಾಹನವನ್ನು ತೆಗೆದುಕೊಳ್ಳೋಣ. ಅಡಿಯಲ್ಲಿ ಗಾಳಿ ನಿಲ್ಲುವ ಜಾಗ ಸುಮಾರು 4.5 ಚದರ ಮೀಟರ್. ಒಡಲು 45 ಕೆಜಿ, ಎಂಜಿನ್ ಮತ್ತು ಫ್ಯಾನ್ 55, ಪೆಟ್ರೋಲ್ 10, ಸ್ಕರ್ಟ್ (ಅಡಿಯ ಗಾಳಿಯನ್ನು ಹಿಡಿದಿಡಲು ಸುತ್ತ ಕಟ್ಟುವ ಬಟ್ಟೆ), ಚುಕ್ಕಾಣಿ ಇತ್ಯಾದಿ 15, ನೀವು 75. ಒಟ್ಟು 200 ಕೆಜಿ. ಚದರ ಮೀಟರಿಗೆ 44 ಕೆಜಿ ಬಂತು. ಚದರ ಅಡಿಗೆ ಹೇಳುವುದಾದರೆ ನಾಲ್ಕೇ ಕೆಜಿ. ನೀರಿನ ಮೇಲೆ ನಿಂತಾಗ ಇದು ನೀರನ್ನು ನಾಲ್ಕೂವರೆ ಸೆಂಟಿಮೀಟರಿನಷ್ಟು ಮಾತ್ರ ಅದುಮುತ್ತದೆ. ಮೊಣಕಾಲುದ್ದ ಹೂತುಹೋಗುವ ಹಿನ್ನೀರಿನ ಕೆಸರಿನ ಮೇಲೆ ಇದು ಸಲೀಸಾಗಿ ಸಾಗುವುದರ ಗುಟ್ಟು ಇದೇ.

ಇಷ್ಟು ತೂಕವನ್ನು ಎತ್ತಿ ಹಿಡಿಯಲು ಎಷ್ಟು ಶಕ್ತಿ ಬೇಕು? ಸುತ್ತಳತೆ ಹತ್ತಿರ ಹತ್ತಿರ ಒಂಬತ್ತು ಮೀಟರ್. ಸ್ಕರ್ಟಿನ ಅಂಚಿಗೂ ನೆಲಕ್ಕೂ ನಡುವೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಸಂದಿ ಇದೆಯೆಂದುಕೊಂಡರೆ ಸೆಕೆಂಡಿಗೆ ಒಂದೂಮುಕ್ಕಾಲು ಘನ ಮೀಟರ್ ಗಾಳಿ ಸೋರಿಹೋಗುತ್ತದೆ. ಅದನ್ನು ತುಂಬಿಸಲು, ಫ್ಯಾನಿನ ನಷ್ಟವನ್ನೂ ಲೆಕ್ಕ ಹಿಡಿದು, ಎರಡು ಅಶ್ವಶಕ್ತಿ ಸಾಕೆಂದು ಕಾಗದ ಹೇಳುತ್ತದೆ. ಉಬ್ಬುತಗ್ಗಿನ ನೆಲದ ಮೇಲೆ ನಾಲ್ಕೈದು ಎಂದಿಟ್ಟುಕೊಳ್ಳಿ. ಎತ್ತುವುದು ಅಗ್ಗ. ದುಬಾರಿಯಾಗುವುದು ಮುಂದಕ್ಕೆ ನೂಕುವುದು, ಅದರಲ್ಲೂ ನೀರಿನ ಮೇಲೆ.

ನಿಂತ ವಾಹನ ನೀರಿನಲ್ಲಿ ಮಾಡಿಕೊಂಡ ಆ ನಾಲ್ಕೂವರೆ ಸೆಂಟಿಮೀಟರಿನ ತಗ್ಗು, ಚಲಿಸತೊಡಗಿದಾಗ ಅಲೆಯಾಗಿ ಎದುರು ನಿಲ್ಲುತ್ತದೆ. ವಾಹನ ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ತಾನೇ ಹತ್ತಬೇಕು. ಮೂರು ಮೀಟರಿನ ವಾಹನಕ್ಕೆ ಈ ದಿಬ್ಬ ಎದುರಾಗುವುದು ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ವೇಗದಲ್ಲಿ. ಮೂಗು ಮೇಲೇಳುತ್ತದೆ, ಸುತ್ತ ತುಂತುರು ಹಾರುತ್ತದೆ, ಎಂಜಿನ್ ಕೂಗುತ್ತದೆ, ಆದರೆ ವೇಗ ಮಾತ್ರ ಏರುವುದಿಲ್ಲ. ಶಕ್ತಿ ಸಾಲದಿದ್ದರೆ ಪೆಟ್ರೋಲ್ ಮುಗಿಯುವವರೆಗೆ ಅಲ್ಲೇ ಒದ್ದಾಡುತ್ತೀರಿ. ದಿಬ್ಬ ದಾಟಿದ ಮರುಕ್ಷಣ ಮೂಗು ಇಳಿಯುತ್ತದೆ, ತುಂತುರು ಹಿಂದೆ ಬೀಳುತ್ತದೆ, ಅರ್ಧ ಥ್ರಾಟಲ್‌ನಲ್ಲೇ ಮೂವತ್ತು ನಲವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಆಳ ಕಡಿಮೆಯಿದ್ದಲ್ಲಿ ದಿಬ್ಬ ಇನ್ನೂ ಕಡಿದು. ಆದ್ದರಿಂದ ಹುಲ್ಲು ಅಥವಾ ಕೆಸರಿನ ಮೇಲೆಯೇ ವೇಗ ಹಿಡಿದು ನೀರಿಗಿಳಿಯುವುದು ಜಾಣತನ.

ದಿಬ್ಬ ದಾಟಲು ಒಟ್ಟು ತೂಕದ ಐದನೇ ಒಂದು ಪಾಲಿನಷ್ಟಾದರೂ ನೂಕುಬಲ ಇರಬೇಕೆಂಬುದು ನಾನು ಪಾಲಿಸುವ ಲೆಕ್ಕ. 200 ಕೆಜಿಗೆ 40 ಕೆಜಿ. ಇದಕ್ಕೆ 90 ಸೆಂಟಿಮೀಟರ್ ಫ್ಯಾನ್, ಅದರ ಸುತ್ತ ಬಳೆಯಂಥ ನುಣುಪಾದ ಡಕ್ಟ್, ಹದಿನೈದು ಹದಿನಾರು ಅಶ್ವಶಕ್ತಿ ಬೇಕು. ಎತ್ತುವ ಪಾಲನ್ನೂ ಸೇರಿಸಿದರೆ ಇಪ್ಪತ್ತರ ಆಸುಪಾಸು. ಇಲ್ಲಿ ನಮ್ಮ ಊರಿನ ಒಂದು ವಿಷಯವನ್ನು ಮರೆಯಬೇಡಿ. ಹೇಮಾವತಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಇಷ್ಟು ಎತ್ತರದಲ್ಲಿ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಮತ್ತಷ್ಟು ತೆಳು. ಎಂಜಿನ್ನಿಗೂ ಉಸಿರು ಕಡಿಮೆ, ಫ್ಯಾನಿಗೂ ಹಿಡಿತ ಕಡಿಮೆ. ಕಡಲ ತೀರದಲ್ಲಿ ಕಟ್ಟುವವರ ನಕ್ಷೆಯನ್ನು ಹಾಗೆಯೇ ನಕಲು ಮಾಡಿದರೆ ಇಲ್ಲಿ ಅದು ದಿಬ್ಬ ದಾಟದೆ ನಿಲ್ಲಬಹುದು.

ಈಗ ನಿಮ್ಮ ಎಂಜಿನ್ ವಿಷಯ. 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್ ಸುಮಾರು 37 ಅಶ್ವಶಕ್ತಿ ಕೊಡುತ್ತದೆ, ನಂಬಿಕಸ್ಥವೂ ಹೌದು. ಆದರೆ ಅದನ್ನು ರೇಡಿಯೇಟರ್, ನೀರು, ಬ್ಯಾಟರಿ, ಸೈಲೆನ್ಸರ್ ಸಮೇತ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲಿಟ್ಟು ನೋಡಿ. ಒಬ್ಬ ದಪ್ಪ ಆಳನ್ನು ಸದಾ ಹಿಂದೆ ಕೂರಿಸಿಕೊಂಡಂತೆ. ಆ ಭಾರವನ್ನು ಹೊರಲು ವೆಲ್ಡ್ ಮಾಡಿದ ಕಬ್ಬಿಣದ ಚೌಕಟ್ಟು, ಚೌಕಟ್ಟನ್ನು ಹೊರಲು ದಪ್ಪ ಪ್ಲೈವುಡ್, ಇವೆಲ್ಲವನ್ನೂ ಎತ್ತಲು ದೊಡ್ಡ ಫ್ಯಾನ್. ಹೀಗೆ ತೂಕ ತೂಕವನ್ನು ಕರೆಯುತ್ತದೆ. ಎರಡನೆಯ ವಾಹನ ಕಟ್ಟುವಾಗ, ದೊಡ್ಡ ಒಡಲಿಗೆ, ಆ ಎಂಜಿನ್ ಉಪಯೋಗಕ್ಕೆ ಬಂದೀತು. ಮೊದಲನೆಯದಕ್ಕೆ ಗಾಳಿಯಿಂದಲೇ ತಣಿಯುವ, ಎರಡು ಸಿಲಿಂಡರಿನ, ಫೋರ್‌ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಹುಡುಕಿ. ಗಂಟೆಗೆ ಐದಾರು ಲೀಟರ್ ಕುಡಿಯುತ್ತದೆ. ವೆಚ್ಚವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಒಂದು ಒಳ್ಳೆಯ ಹೊಸ ಮೋಟಾರ್‌ಸೈಕಲ್ಲಿನ ಬೆಲೆಗೆ ಸಿದ್ಧರಾಗಿರಿ. ಅದರಲ್ಲಿ ಅರ್ಧ ಎಂಜಿನ್ನಿಗೇ ಹೋಗುತ್ತದೆ.

ಒಡಲಿಗೆ ಕಬ್ಬಿಣ ಬೇಡವೇ ಬೇಡ. ಛಾವಣಿಯ ಶಾಖ ತಡೆಯಲು ಹಾಕುವ ಗಟ್ಟಿ ಫೋಮ್ ಹಲಗೆಗಳನ್ನು ಕತ್ತರಿಸಿ ಜೋಡಿಸಿ, ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಿಂದ ಅಂಟಿಸಿ. ಫೈಬರ್ ಕೆಲಸದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪಾಲಿಯೆಸ್ಟರ್ ರೆಸಿನ್ ಇಂಥ ಫೋಮನ್ನೂ ಥರ್ಮೋಕೋಲನ್ನೂ ಕಣ್ಣೆದುರೇ ಕರಗಿಸಿಬಿಡುತ್ತದೆ. ಒಂದು ಚೂರಿನ ಮೇಲೆ ಹಚ್ಚಿ ನೋಡಿದ ಮೇಲೆಯೇ ಉಳಿದದ್ದನ್ನು ಕೊಳ್ಳಿ. ಒಂದು ಲೀಟರ್ ಜಾಗದ ಫೋಮ್ ಹತ್ತಿರ ಹತ್ತಿರ ಒಂದು ಕೆಜಿ ಭಾರವನ್ನು ತೇಲಿಸುತ್ತದೆ. ಒಟ್ಟು ತೂಕದ ಒಂದೂವರೆ ಪಟ್ಟು ತೇಲಿಸುವಷ್ಟು ಫೋಮ್ ಒಡಲಲ್ಲೇ ಇರಲಿ. ಆಗ ಒಳಗೆ ನೀರು ತುಂಬಿದರೂ ನೀವು ಅದರ ಮೇಲೆ ಕೂತಿರಬಹುದು. ಎಂಜಿನ್ ಕೂರಿಸುವ ಜಾಗದಲ್ಲಿ ಮಾತ್ರ ಪ್ಲೈವುಡ್ ಮತ್ತು ಅಲ್ಯೂಮಿನಿಯಂ. ನಿಮ್ಮ ವೆಲ್ಡಿಂಗ್ ಕೈಚಳಕವನ್ನು ಟ್ರೇಲರ್ ಮಾಡುವುದಕ್ಕೆ ಬಳಸಿ. ಇದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಟ್ರೇಲರ್ ಹೇಗೂ ಬೇಕು.

ಇನ್ನು ಸ್ಕರ್ಟ್. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು, ಹೆಚ್ಚಿನವರು ಕೊನೆಗೆ ಆತುರದಲ್ಲಿ ಮುಗಿಸಿ ಕೆಡಿಸುವ ಭಾಗವೂ ಇದೇ. 1959ರಲ್ಲಿ ಕಡಲ್ಗಾಲುವೆ ದಾಟಿದ ವಾಹನಕ್ಕೆ ಸ್ಕರ್ಟ್ ಇರಲಿಲ್ಲ. ಬಗ್ಗುವ ಬಟ್ಟೆಯ ಸ್ಕರ್ಟ್ ಬಂದ ಮೇಲೆಯೇ ಅಲೆ, ಕಲ್ಲು, ಬದುಗಳನ್ನು ದಾಟುವ ಧೈರ್ಯ ಈ ವಾಹನಕ್ಕೆ ಬಂತು. ಸುತ್ತಲೂ ಒಂದೇ ಕೊಳವೆಯಂತೆ ಹೊಲಿಯುವ ಬಗೆ ಸುಲಭ. ಆದರೆ ಒಂದು ಮುಳ್ಳು ಸೀಳಿದರೆ ಇಡೀ ಸ್ಕರ್ಟ್ ಕುಸಿಯುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಮರಗಳ ಬುಡಗಳಿವೆ, ದಡದಲ್ಲಿ ಜಾಲಿ ಇದೆ. ಆದ್ದರಿಂದ ನಿಮಗೆ ಬೆರಳುಗಳ ಸ್ಕರ್ಟ್ ಆಗಬೇಕು. ಬಿಡಿಬಿಡಿಯಾದ ಐವತ್ತಕ್ಕೂ ಹೆಚ್ಚು ಬೆರಳುಗಳು, ಅಂದರೆ ಗಾಳಿಗೆ ಉಬ್ಬುವ ಬಟ್ಟೆಯ ತುಂಡುಗಳು, ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಒಂದು ಹರಿದರೆ ಪಕ್ಕದವು ಉಬ್ಬಿ ಆ ಜಾಗವನ್ನು ಮುಚ್ಚುತ್ತವೆ. ನೀವು ಮನೆ ಸೇರಬಹುದು.

ಮೊದಲು ಸಿಮೆಂಟ್ ಚೀಲದ ಕಾಗದದಲ್ಲಿ ಒಂದು ಬೆರಳಿನ ಅಳತೆ ಕತ್ತರಿಸಿ ಒಡಲಿಗೆ ಹಿಡಿದು ನೋಡಿ. ಅದು ಸರಿಬಂದ ಮೇಲೆ ಹಳೆಯ ಟಾರ್ಪಾಲಿನ್‌ನಲ್ಲಿ ನಾಲ್ಕು ಬೆರಳು ಹೊಲಿಯಿರಿ. ಅವು ಅಕ್ಕಪಕ್ಕ ಸರಿಯಾಗಿ ಕೂತ ಮೇಲೆ ಮಾತ್ರ ನಿಜವಾದ ಬಟ್ಟೆಗೆ ಕತ್ತರಿ ಹಾಕಿ. ನಿಜವಾದ ಬಟ್ಟೆಯೆಂದರೆ ನಿಯೋಪ್ರೀನ್ ಅಥವಾ ಪಾಲಿಯುರೆಥೇನ್ ಲೇಪದ ನೈಲಾನ್. ಟಾರ್ಪಾಲಿನ್ ಭಾರ, ಬಿರುಸು. ತುದಿ ಬೇಗ ಸವೆಯುತ್ತದೆ. ಹಾಸನದಲ್ಲಿ ಲಾರಿಗಳ ಟಾರ್ಪಾಲಿನ್ ಹೊಲಿಯುವವರ ಬಳಿ ದಪ್ಪ ಬಟ್ಟೆಯ ಯಂತ್ರ ಇರುತ್ತದೆ. ಪಾಲಿಯೆಸ್ಟರ್ ದಾರ ಹಾಕಲು ಹೇಳಿ. ಹತ್ತಿಯ ದಾರ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ. ಸ್ಕರ್ಟಿನ ಎತ್ತರ ವಾಹನದ ಅಗಲದ ಎಂಟನೇ ಒಂದು ಪಾಲು ಮೀರದಿರಲಿ. ನಿಮ್ಮದಕ್ಕೆ 22 ಸೆಂಟಿಮೀಟರ್. ಎತ್ತರ ಹೆಚ್ಚಿಸಿದರೆ ಹೆಚ್ಚು ದಾಟಬಹುದೆಂಬ ಆಸೆ ಹುಟ್ಟುತ್ತದೆ. ಆದರೆ ವಾಹನ ಹೊಯ್ದಾಡತೊಡಗುತ್ತದೆ.

ಬೆರಳಿನ ಮೇಲಂಚನ್ನು ಒಡಲಿನ ಹೊರಬದಿಗೆ ಪಟ್ಟಿ ಇಟ್ಟು ಬೋಲ್ಟ್ ಮಾಡುತ್ತೇವೆ. ಒಳಬದಿಯ ಎರಡು ಕೆಳಮೂಲೆಗಳನ್ನು ಮಾತ್ರ ಪ್ಲಾಸ್ಟಿಕ್ ಕೇಬಲ್ ಟೈನಿಂದ ಕಟ್ಟಬೇಕು. ಎರಡು ರೂಪಾಯಿಯ ಟೈ ಸಾಲದು ಅನ್ನಿಸಿ ನೈಲಾನ್ ಹಗ್ಗ, ತಂತಿ ಹಾಕಿದವರನ್ನು ನೋಡಿದ್ದೇನೆ. ಮರದ ಬುಡಕ್ಕೆ ಬೆರಳು ಸಿಕ್ಕಿಕೊಂಡಾಗ ಟೈ ಪಟ್ಟನೆ ಕಡಿಯುತ್ತದೆ, ಬಟ್ಟೆ ಉಳಿಯುತ್ತದೆ. ತಂತಿ ಕಟ್ಟಿದರೆ ಅದು ಕಡಿಯುವುದಿಲ್ಲ, ಬಟ್ಟೆ ಒಡಲಿನವರೆಗೂ ಸೀಳುತ್ತದೆ. ಸೋಲಬೇಕಾದದ್ದು ಅಗ್ಗದ ಭಾಗ. ಹಿಂಬದಿಯ ಬೆರಳುಗಳ ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿಡಿ. ಇಲ್ಲದಿದ್ದರೆ ನೀರಿನಲ್ಲಿ ನಿಂತಾಗ ಅವು ನೀರು ತುಂಬಿಕೊಂಡು ಬಕೆಟ್‌ಗಳಂತೆ ಜೋತುಬೀಳುತ್ತವೆ.

ಫ್ಯಾನ್ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 90 ಸೆಂಟಿಮೀಟರ್ ಫ್ಯಾನ್ ನಿಮಿಷಕ್ಕೆ 2,500 ಸುತ್ತು ತಿರುಗಿದರೆ ರೆಕ್ಕೆಯ ತುದಿ ಸೆಕೆಂಡಿಗೆ 118 ಮೀಟರ್ ಓಡುತ್ತಿರುತ್ತದೆ. 3,500 ಸುತ್ತಿಗೆ 165 ಮೀಟರ್. ತಯಾರಕರು ಕೊಟ್ಟ ಮಿತಿಯನ್ನು ದಾಟಿಸಿದರೆ ರೆಕ್ಕೆ ಚೂರಾಗಿ ಹಾರುತ್ತದೆ. ಆದ್ದರಿಂದ ಎಂಜಿನ್ನಿನ ವೇಗವನ್ನು ಹಲ್ಲಿನ ಬೆಲ್ಟ್‌ನಿಂದ ಇಳಿಸಿ ಫ್ಯಾನಿಗೆ ಕೊಡಬೇಕು. ಶಬ್ದವೂ ಇದರಿಂದ ಬಹಳ ಇಳಿಯುತ್ತದೆ. ಮುಂದೆ ಮತ್ತು ಹಿಂದೆ ಕೈ ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಕಡ್ಡಾಯ. ಫ್ಯಾನ್ ತಿರುಗುವಾಗ ಅದರ ನೇರ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಮಕ್ಕಳು, ನಾಯಿ, ಸೀರೆಯ ಸೆರಗು, ಉದ್ದ ಕೂದಲು ಇವೆಲ್ಲ ಕಣದ ಆಚೆಯೇ ಇರಲಿ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ದಾರ ನಿಮ್ಮ ಮಣಿಕಟ್ಟಿನಲ್ಲಿರಲಿ. ನೀವು ಆಚೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಬೇಕು.

ಒಂದೇ ಫ್ಯಾನಿನ ವಾಹನದಲ್ಲಿ ಗಾಳಿಯ ಮೂರನೇ ಒಂದು ಪಾಲು ಕೆಳಗೆ ಹೋಗುತ್ತದೆ, ಉಳಿದದ್ದು ಹಿಂದಕ್ಕೆ. ಕಟ್ಟುವುದು ಸುಲಭವಾದ್ದರಿಂದ ನಿಮಗೆ ಇದನ್ನೇ ಹೇಳುತ್ತೇನೆ. ಆದರೆ ಓಡಿಸುವಾಗ ಒಂದು ಮಾತು ನೆನಪಿಡಿ: ಗಾಬರಿಯಲ್ಲಿ ಥ್ರಾಟಲ್ ಪೂರ್ತಿ ಬಿಟ್ಟರೆ ನೂಕುವುದರ ಜೊತೆಗೆ ಎತ್ತುವುದೂ ನಿಲ್ಲುತ್ತದೆ. ಮುಂದಿನ ಸ್ಕರ್ಟ್ ನೀರಿಗೆ ಮಡಚಿಕೊಂಡು ಮೂಗು ಹೂತುಕೊಳ್ಳುತ್ತದೆ, ನೀವು ಮುಂದಕ್ಕೆ ಎಸೆಯಲ್ಪಡುತ್ತೀರಿ. ಇದಕ್ಕೆ ಬ್ರೇಕ್ ಇಲ್ಲ. ಬಾಲ್ಯದಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಆಡಿದ್ದೀರಲ್ಲ? ತಿರುವಿನಲ್ಲಿ ಹಾಳೆ ಹೇಗೆ ಅಡ್ಡಡ್ಡ ಜಾರುತ್ತದೋ ಹಾಗೆಯೇ ಇದೂ ಜಾರುತ್ತದೆ. ಚುಕ್ಕಾಣಿ ತಿರುಗಿಸಿದರೆ ಮೂಗು ತಿರುಗುತ್ತದೆ, ದಾರಿ ತಿರುಗುವುದಿಲ್ಲ. ತಿರುವಿಗೆ ಐವತ್ತು ಮೀಟರ್ ಮೊದಲೇ ಸಿದ್ಧರಾಗಬೇಕು. ನಿಲ್ಲಿಸಬೇಕಾದರೆ ಪೂರ್ತಿ ಹಿಂದು ಮುಂದಾಗಿ ತಿರುಗಿಸಿ, ಬಂದ ದಿಕ್ಕಿಗೇ ನೂಕಬೇಕು. ಇದನ್ನು ಕಣದಲ್ಲಿ ಕಲಿಯಲಾಗದು. ನುಣುಪಾಗಿ ಮೇಯ್ದ ದೊಡ್ಡ ಹುಲ್ಲುಬಯಲಿನಲ್ಲಿ ನಡಿಗೆಯ ವೇಗದಿಂದ ಆರಂಭಿಸಿ ಕಲಿಯಿರಿ.

ನಿರ್ವಹಣೆಯ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ಕೆಲವು ವರ್ಷದ ಹಿಂದೆ ಏಪ್ರಿಲ್‌ನ ಒಂದು ಬೆಳಿಗ್ಗೆ ಬೆಲ್ಟಿನ ಕವಚ ತೆಗೆದಾಗ ಒಳಗೆ ಕಾಡಿಗೆಯಂಥ ಕಪ್ಪು ಪುಡಿ ಕಂಡಿತು. ಬೆರಳಿನಿಂದ ಒರೆಸಿ, ಕವಚ ಮುಚ್ಚಿ, ನೀರಿಗಿಳಿದೆ. ದಡದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಬೆಲ್ಟ್ ತುಂಡಾಯಿತು. ಹತ್ತೂವರೆಗೆ ಗಾಳಿ ಎದ್ದಿತು. ಸ್ಕರ್ಟ್ ನೀರಿನಲ್ಲಿ ಇಳಿಬಿದ್ದ ಹೋವರ್‌ಕ್ರಾಫ್ಟನ್ನು ಹುಟ್ಟು ಹಾಕಿ ನಡೆಸುವುದು ಒದ್ದೆ ಹಾಸಿಗೆಯನ್ನು ಎಳೆದಂತೆ. ದಡ ಸೇರಲು ಒಂದೂವರೆ ಗಂಟೆ ಹಿಡಿಯಿತು, ಅದೂ ಒಬ್ಬ ಮೀನುಗಾರರು ತೆಪ್ಪ ತಂದು ಹಗ್ಗ ಹಾಕಿದ್ದರಿಂದ. ಆ ಪುಡಿ ಬೆಲ್ಟಿನ ಹಲ್ಲು ಸವೆದು ಉದುರಿದ್ದು. ಅದು ಕಂಡ ದಿನ ಇಳಿಯಲೇಬಾರದಿತ್ತು. ಅಂದಿನಿಂದ ಎರಡು ಹುಟ್ಟು, ಲಂಗರು, ಮೂವತ್ತು ಮೀಟರ್ ಹಗ್ಗ, ನೀರು ಹೋಗದ ಚೀಲದಲ್ಲಿ ಮೊಬೈಲ್ ಇಲ್ಲದೆ ನಾನು ದಡ ಬಿಡುವುದಿಲ್ಲ. ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಎಂದಿಗೂ ಮೈಮೇಲೆಯೇ.

ಪ್ರತಿ ಓಟದ ನಂತರ ಬೆರಳುಗಳ ತುದಿ, ರೆಕ್ಕೆಗಳ ಅಂಚಿನ ಕಚ್ಚು, ಬೇರಿಂಗ್, ಸಡಿಲವಾದ ನಟ್‌ಗಳನ್ನು ನೋಡಿ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ಖಾಲಿ ಮಾಡಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ನಮ್ಮ ತೇವಕ್ಕೆ ನೀರು ಹೀರಿಕೊಳ್ಳುತ್ತದೆ. ವಾಹನವನ್ನು ಗೋದಾಮಿನ ನೆಲದಲ್ಲಿ ಬಿಡದೆ ತೊಲೆಗೆ ತೂಗುಹಾಕಿ. ಇಲಿಗಳಿಗೆ ಸ್ಕರ್ಟಿನ ಮಡಿಕೆಯಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ.

ಅನುಮತಿ ಇಲ್ಲದೆ ಜಲಾಶಯಕ್ಕೆ ಇಳಿಯಬೇಡಿ. ಹೇಮಾವತಿ ಕಾವೇರಿ ನೀರಾವರಿ ನಿಗಮದ್ದು. ಅಲ್ಲಿಂದ ಲಿಖಿತ ಒಪ್ಪಿಗೆ ಬೇಕು. 2021ರ ಒಳನಾಡು ಹಡಗುಗಳ ಕಾಯ್ದೆಯ ವ್ಯಾಪ್ತಿಗೆ ನೆಲ ಜಲ ಎರಡರಲ್ಲೂ ಚಲಿಸುವ ವಾಹನಗಳೂ ಬರುತ್ತವೆ. ನೋಂದಣಿಯ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಿ. ಮೀನುಗಾರರ ಬಳಿ ಕೂತು ಬಲೆ ಎಲ್ಲೆಲ್ಲಿ ಬಿಡುತ್ತಾರೆಂದು ಕೇಳಿ; ಅವರ ಅನ್ನ ಅದು. ಏಪ್ರಿಲ್ ಮೇ ತಿಂಗಳಲ್ಲಿ ಟಿಟ್ಟಿಭ ಬಯಲು ನೆಲದ ಮೇಲೆಯೇ ಮೊಟ್ಟೆ ಇಟ್ಟಿರುತ್ತದೆ. ದೋಣಿ ಹೋಗದ ಜಾಗಕ್ಕೂ ಈ ವಾಹನ ಹೋಗುತ್ತದೆ ಎನ್ನುವುದೇ ಹಕ್ಕಿಗಳಿಗೆ ಅಪಾಯ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಕಡೆ ಯೋಚಿಸಲೂ ಬೇಡಿ. ಅದು ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಗುಂಪುಗುಂಪಾಗಿ ಗೂಡು ಮಾಡುತ್ತವೆ.

ಶೆಟ್ಟಿಹಳ್ಳಿಯ ಪ್ರಯಾಣಕ್ಕೆ ನನ್ನ ಉತ್ತರ: ಈ ವಾಹನದಲ್ಲಿ ಆಗದು. ಹೆಂಡತಿ, ಮಗಳು ಸೇರಿದರೆ 200 ಕೆಜಿ 280 ಆಗುತ್ತದೆ. ಕಣದಲ್ಲಿ ಏಳುತ್ತದೆ, ಹುಲ್ಲಿನ ಮೇಲೂ ತೆವಳೀತು. ನೀರಿನಲ್ಲಿ ದಿಬ್ಬ ದಾಟುವುದಿಲ್ಲ. ಚರ್ಚಿನ ಗೋಡೆಗಳು ವರ್ಷ ವರ್ಷ ನೀರಲ್ಲಿ ನೆನೆದು ಒಣಗಿದ ಗೋಡೆಗಳು, ಬೇಸಿಗೆಯಲ್ಲಿ ಅಲ್ಲಿ ಜನರೂ ಇರುತ್ತಾರೆ. ಈ ಫ್ಯಾನನ್ನು ಅದರ ಹತ್ತಿರ ಒಯ್ಯಬೇಡಿ. ಅವರಿಬ್ಬರನ್ನು ಕೂರಿಸಿಕೊಳ್ಳುವ ದಿನ ಬಂದರೆ ಅದು ಮಾರುತಿ ಎಂಜಿನ್ನಿನ ಎರಡನೆಯ ವಾಹನದಲ್ಲಿ, ನೀವು ಒಬ್ಬರೇ ಎರಡು ಬೇಸಿಗೆ ಓಡಿಸಿ ಪಳಗಿದ ಮೇಲೆ.

ಅಷ್ಟರವರೆಗೆ ಮಗಳಿಗೆ ಬೇರೊಂದು ಕೆಲಸ ಕೊಡಿ. ನಾಲ್ಕಡಿ ಅಗಲದ ದುಂಡನೆಯ ಪ್ಲೈವುಡ್ ತಟ್ಟೆ, ಅಡಿಗೆ ಸುತ್ತ ಬಿಗಿದ ಪ್ಲಾಸ್ಟಿಕ್ ಹಾಳೆ, ಹಾಳೆಯ ನಡುವಿನ ಹತ್ತಿರ ಆರು ತೂತು, ತೋಟದ ಎಲೆ ಊದುವ ಬ್ಲೋವರ್. ಒಂದು ಭಾನುವಾರದ ಕೆಲಸ. ಅದರ ಮೇಲೆ ಅವಳನ್ನು ಕೂರಿಸಿ ಕಣದಲ್ಲಿ ಒಂದು ಬೆರಳಿನಿಂದ ನೂಕಿದರೆ ಗಾಳಿಹಾಸು ಎಂದರೇನೆಂದು ಇಬ್ಬರಿಗೂ ಗೊತ್ತಾಗುತ್ತದೆ.

ಈಗ ಏಪ್ರಿಲ್. ನೀರು ಇಳಿದಿರುವ ಈ ವಾರಗಳಲ್ಲಿ ದಡದುದ್ದಕ್ಕೂ ನಡೆದು ಮರದ ಬುಡಗಳನ್ನು ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಿ. ತುಂಬಿದ ಮೇಲೆ ಅವು ಕಾಣುವುದಿಲ್ಲ. ಎಪಾಕ್ಸಿ ಕೆಲಸವನ್ನು ಮೇ ಕೊನೆಯೊಳಗೆ ಮುಗಿಸಿ, ಮಳೆಗಾಲದ ತೇವದಲ್ಲಿ ಅದರ ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಜಗಲಿಯಲ್ಲಿ ಕೂತು ಬೆರಳು ಹೊಲಿಸಿ, ಎಂಜಿನ್ ಕೂರಿಸಿ, ಸೇರಿಸಿದ ಒಂದೊಂದು ವಸ್ತುವಿನ ತೂಕವನ್ನೂ ಪುಸ್ತಕದಲ್ಲಿ ಬರೆಯಿರಿ. ಅಕ್ಟೋಬರ್‌ನಲ್ಲಿ ಬಿಸಿಲು ಬಂದಾಗ ಕಣ ಗುಡಿಸಿ, ವಾಹನಕ್ಕೆ ನಾಲ್ಕೂ ಕಡೆ ಹಗ್ಗ ಕಟ್ಟಿ ಮೊದಲ ಸಲ ಎಬ್ಬಿಸಿ. ಕಣದಲ್ಲಿ ಒಂದು ಕಾಳುಕಲ್ಲೂ ಇರಬಾರದು, ಗಾಳಿ ಅದನ್ನೆತ್ತಿ ಫ್ಯಾನಿಗೆ ಕೊಡುತ್ತದೆ. ನವೆಂಬರ್ ಕಳೆದರೆ ಕಾಫಿ ಹಣ್ಣು ಬರಲು ಶುರುವಾಗುತ್ತದೆ, ಆಮೇಲೆ ಮಾರ್ಚ್‌ವರೆಗೆ ಕಣ ನಿಮಗೆ ಸಿಗುವುದಿಲ್ಲ.